ಕರಿಕೋಟಿನ ಆಸೆಗೆ ಚಿನ್ನ ಅಡವಿಡುವ ಮುನ್ನ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ ಕಿರವತ್ತಿಯಲ್ಲಿ ನಮ್ಮಂಥ ಮದರಸ ಅಧ್ಯಾಪಕರಿಗೂ ಕೆಲಸ ಜಾಸ್ತಿ. ಮುಂದೆ ಎಂಥ ಓದಿಸುದು ಅಂತ ಕೇಳಿಕೊಂಡು ಮಕ್ಕಳ ತಂದೆ ತಾಯಂದಿರು ಬರ್ತಾರೆ. ಮೊದಲೆಲ್ಲ ಡಾಕ್ಟರ್, ಎಂಜಿನಿಯರ್, ಇಲ್ಲವಾದರೆ ಬಿ.ಕಾಂ. ಈಗ ಎರಡು ಮೂರು ವರ್ಷಗಳಿಂದ ಹೊಸ ಪ್ರಶ್ನೆಯೊಂದು ಸೇರಿಕೊಂಡಿದೆ. 'ಉಸ್ತಾದರೇ, ಮಗಳು ಲಾ ಓದ್ತೇನೆ ಅಂತಾಳೆ. ಕ್ಲ್ಯಾಟ್ ಅಂತ ಪರೀಕ್ಷೆ ಉಂಟಂತೆ. ಕೋಚಿಂಗಿಗೆ ಎಲ್ಲಿ ಸೇರಿಸುದು?'

ಪ್ರಶ್ನೆ ಕೇಳಿ ನಮಗೆ ಸಂತೋಷವೇ ಆಗ್ತದೆ. ಆದರೆ ಉತ್ತರ ಹೇಳುವಾಗ ಬೇಸರ. ಯಾಕೆಂದರೆ ಪಿಯುಸಿ ಫಲಿತಾಂಶ ಬರುವ ಹೊತ್ತಿಗೆ ಆ ವರ್ಷದ ಕ್ಲ್ಯಾಟ್ ಮುಗಿದು ನಾಲ್ಕು ತಿಂಗಳಾಗಿರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದು ಡಿಸೆಂಬರ್ ಮೊದಲ ವಾರದಲ್ಲೇ ನಡೆಯುತ್ತಿದೆ. 2023ರಲ್ಲಿ ಡಿಸೆಂಬರ್ 3, 2024ರಲ್ಲಿ ಡಿಸೆಂಬರ್ 1, 2025ರಲ್ಲಿ ಡಿಸೆಂಬರ್ 7. ಅಂದರೆ ಮಗು ದ್ವಿತೀಯ ಪಿಯುಸಿಯಲ್ಲಿ ಓದುತ್ತಿರುವಾಗಲೇ ಅರ್ಜಿ ಹಾಕಿ, ವಾರ್ಷಿಕ ಪರೀಕ್ಷೆಗೆ ಮೊದಲೇ ಇದನ್ನು ಬರೆಯಬೇಕು. ಅರ್ಜಿ ಶುರುವಾಗುವುದು ಮಳೆಗಾಲದಲ್ಲಿ. ವಿಷಯ ಗೊತ್ತಿಲ್ಲದೆ ಒಂದು ವರ್ಷ ಹೋಯಿತು ಅಂತ ಗಾಬರಿಯಾಗಿ, ಮುಂದಿನ ವರ್ಷಕ್ಕಾದರೂ ಆಗಲಿ ಅಂತ ದೊಡ್ಡ ಮೊತ್ತದ ಕೋಚಿಂಗಿಗೆ ಸೇರಿಸುವ ಮನೆಗಳನ್ನು ನಾವು ನೋಡಿದ್ದೇವೆ. ಅದಕ್ಕೇ ಈ ವಾರ ಇದನ್ನು ಸ್ವಲ್ಪ ಬಿಡಿಸಿ ಬರೆಯೋಣ ಅಂತ.

ಪರೀಕ್ಷೆ ಎಂಥದು?

ದೇಶದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಮೊದಲು ಬೇರೆ ಬೇರೆ ಪ್ರವೇಶ ಪರೀಕ್ಷೆಗಳಿದ್ದವು. 2008ರಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ಒಂದೇ ಪರೀಕ್ಷೆ ಮಾಡಿದವು, ಅದೇ ಕ್ಲ್ಯಾಟ್. ಈಗ ಇಪ್ಪತ್ತಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಅದರಲ್ಲಿವೆ. ಅವುಗಳ ಒಕ್ಕೂಟವೇ ಪರೀಕ್ಷೆ ನಡೆಸುತ್ತದೆ. ದಿಲ್ಲಿಯ ಕಾನೂನು ವಿಶ್ವವಿದ್ಯಾಲಯದ್ದು ಬೇರೆ ಪರೀಕ್ಷೆ. ನಮ್ಮ ರಾಜ್ಯದಲ್ಲಿರುವುದು ಬೆಂಗಳೂರು ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್. ದೇಶದಲ್ಲೇ ಮೊದಲು ಶುರುವಾದ ಸಂಸ್ಥೆ, ಹಾಗಾಗಿ ಎಲ್ಲರ ಕಣ್ಣೂ ಅದರ ಮೇಲೆ.

ಪರೀಕ್ಷೆ ಎರಡು ಗಂಟೆ, 120 ಪ್ರಶ್ನೆ, 120 ಅಂಕ. ಒಂದು ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗ್ತದೆ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನಿನ ತರ್ಕ, ಸಾಮಾನ್ಯ ತರ್ಕ, ಸ್ವಲ್ಪ ಲೆಕ್ಕ ಹೀಗೆ ಐದು ಭಾಗ. ಲೆಕ್ಕ ಶೇ. 10ರಷ್ಟು ಮಾತ್ರ, ಅದೂ ಎಸ್ಸೆಸ್ಸೆಲ್ಸಿ ಮಟ್ಟದ್ದು. ಉಳಿದ ಭಾಗಗಳಲ್ಲಿ ಸುಮಾರು 450 ಪದಗಳ ಒಂದು ಬರಹ ಕೊಟ್ಟು, ಅದನ್ನು ಓದಿ ಉತ್ತರಿಸಲು ಕೇಳುತ್ತಾರೆ. ಕಾನೂನಿನ ಭಾಗಕ್ಕೂ ಮೊದಲೇ ಕಾನೂನು ಓದಿರಬೇಕು ಅಂತಿಲ್ಲ. ಕೊಟ್ಟ ನಿಯಮವನ್ನು ಕೊಟ್ಟ ಸಂದರ್ಭಕ್ಕೆ ಹೊಂದಿಸಲು ಬಂದರೆ ಸಾಕು. ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ಆದೀತು. ಪಿಯುಸಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45 ಬೇಕು, ವಯಸ್ಸಿನ ಮಿತಿ ಇಲ್ಲ.

ಕೇಳುವಾಗ ಸುಲಭ ಅನಿಸ್ತದೆ. ಕಷ್ಟ ಇರುವುದು ಎರಡು ಕಡೆ. ಒಂದು, ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಪ್ರಾದೇಶಿಕ ಭಾಷೆಗಳಲ್ಲೂ ಬೇಕು ಅಂತ 2023ರಲ್ಲಿ ದಿಲ್ಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಗಿತ್ತು. ಅದನ್ನು ನಂಬಿಕೊಂಡು ನಮ್ಮ ಮಕ್ಕಳು ಕಾಯುವಂತಿಲ್ಲ. ಎರಡನೆಯದು, ಬರೆಯುವವರು ಅರವತ್ತು ಎಪ್ಪತ್ತು ಸಾವಿರ ಮಂದಿ, ಸೀಟು ಇರುವುದು ಮೂರು ನಾಲ್ಕು ಸಾವಿರ. ಬೆಂಗಳೂರಿನಂಥ ಮೇಲಿನ ಸಂಸ್ಥೆಗಳು ಕೆಲವೇ ನೂರು ರ‍್ಯಾಂಕಿಗೆ ತುಂಬಿಹೋಗುತ್ತವೆ.

ನಮಗೆ ಅನುಕೂಲವಾಗುವ ಒಂದು ವಿಷಯವೂ ಉಂಟು. ಕರ್ನಾಟಕದ ಮಕ್ಕಳಿಗೆ ಬೆಂಗಳೂರಿನ ಲಾ ಸ್ಕೂಲಿನಲ್ಲಿ ಶೇ. 25 ಸೀಟು ಕೊಡಲು ರಾಜ್ಯ ಸರ್ಕಾರ 2020ರಲ್ಲಿ ಕಾಯ್ದೆ ತಿದ್ದಿತ್ತು. ಹೈಕೋರ್ಟ್ ಅದನ್ನು ರದ್ದು ಮಾಡಿತು. ಆಮೇಲೆ ವಿಶ್ವವಿದ್ಯಾಲಯವೇ ತನ್ನ ಯೋಜನೆಯ ಭಾಗವಾಗಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25ರ ಅವಕಾಶ ತಂದಿತು. ರಾಜ್ಯದಲ್ಲಿ ಹತ್ತು ವರ್ಷ ಓದಿದವರಿಗೆ ಇದು ಸಲ್ಲುತ್ತದೆ. ಕಿರವತ್ತಿ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದ ಓದಿದ ಮಗುವಿಗೆ ಆ ದಾಖಲೆ ತೋರಿಸುವುದು ಕಷ್ಟವಲ್ಲ. ಶಾಲೆಯ ಸರ್ಟಿಫಿಕೇಟುಗಳನ್ನು ಜೋಪಾನವಾಗಿಡಿ ಅಂತ ಹೇಳುವುದು ಇದಕ್ಕೇ.

ಕೋಚಿಂಗ್ ಎಂಬ ಲೆಕ್ಕ

ಈಗ ಹಣದ ಮಾತು. ದೊಡ್ಡ ಪೇಟೆಗಳಲ್ಲಿ ಎದುರು ಕೂರಿಸಿ ಕಲಿಸುವ ಕ್ಲ್ಯಾಟ್ ಕೋಚಿಂಗಿನ ಶುಲ್ಕ ಸುಲಭದಲ್ಲಿ ಒಂದು ಲಕ್ಷ ದಾಟುತ್ತದೆ. ಮೊಬೈಲಿನಲ್ಲಿ ನೋಡುವ ಆನ್‌ಲೈನ್ ಕ್ಲಾಸು ಕಡಿಮೆ, ಆದರೂ ಹತ್ತಾರು ಸಾವಿರ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಮಗುವಾದರೆ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರಲು ರೂಮು, ಊಟ, ಬಸ್ಸು ಬೇರೆ. ಅರ್ಜಿಗೇ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ 3,500. ರ‍್ಯಾಂಕ್ ಬಂದರೆ ಕೌನ್ಸೆಲಿಂಗಿಗೆ ಮತ್ತೆ ಸಾವಿರಗಳಲ್ಲಿ ಮುಂಗಡ. ಸೀಟು ಸಿಕ್ಕಿದರೆ ಶುಲ್ಕ, ಹಾಸ್ಟೆಲ್ ಸೇರಿ ವರ್ಷಕ್ಕೆ ಎರಡೂವರೆಯಿಂದ ನಾಲ್ಕು ಲಕ್ಷದವರೆಗೆ, ಹೀಗೆ ಐದು ವರ್ಷ.

ನಮಗೆ ಗೊತ್ತಿರುವ ಒಂದು ಮನೆಯಲ್ಲಿ ಹೀಗಾಯಿತು. ತಂದೆಯದು ಹೆದ್ದಾರಿ ಬದಿ ಸಣ್ಣ ವ್ಯಾಪಾರ. ಮಗಳು ಪಿಯುಸಿಯಲ್ಲಿ ಒಳ್ಳೆ ಅಂಕ ತೆಗೆದಿದ್ದಳು. ಒಂದು ಕೋಚಿಂಗ್ ಸಂಸ್ಥೆಯವರು ಫೋನ್ ಮಾಡಿ, ಈ ವಾರ ಸೇರಿದರೆ ರಿಯಾಯಿತಿ, 1 ಲಕ್ಷ 20 ಸಾವಿರ ಒಟ್ಟಿಗೆ ಕಟ್ಟಿ ಅಂದರು. ತಾಯಿ ಬಳೆ ತೆಗೆದುಕೊಡಲು ತಯಾರಾಗಿದ್ದರು. ನಾವು ಹೇಳಿದ್ದು ಒಂದೇ ಮಾತು: ಬಳೆ ಕೊಡುವ ಮೊದಲು ಮಗಳಿಗೆ ಹಳೆಯ ಪ್ರಶ್ನೆಪತ್ರಿಕೆ ಒಂದು ಕೊಡಿ, ಗಡಿಯಾರ ಇಟ್ಟು ಎರಡು ಗಂಟೆ ಕೂರಿಸಿ. ಕೂರಿಸಿದರು. ಅವಳಿಗೆ ತರ್ಕದಲ್ಲಿ ತೊಂದರೆ ಇರಲಿಲ್ಲ. ಇಂಗ್ಲಿಷ್ ಓದುವ ವೇಗ ಸಾಲದೆ ಅರ್ಧ ಪತ್ರಿಕೆಯೂ ಮುಗಿಯಲಿಲ್ಲ. ಕೋಚಿಂಗಿನವರು ಕಲಿಸುವುದು ಉತ್ತರ ಹುಡುಕುವ ಉಪಾಯ. ಹನ್ನೆರಡು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಇಂಗ್ಲಿಷ್ ಓದುವ ರೂಢಿ ಆರು ತಿಂಗಳಲ್ಲಿ ದುಡ್ಡಿಗೆ ಸಿಗುವಂಥದ್ದಲ್ಲ. ಬಳೆ ಮನೆಯಲ್ಲೇ ಉಳಿಯಿತು. ಹುಡುಗಿ ಈಗ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಲಾ ಓದ್ತಿದ್ದಾಳೆ, ಕ್ಲ್ಯಾಟ್ ಇಲ್ಲದೆ.

ಕೋಚಿಂಗ್ ಬೇಡವೇ ಬೇಡ ಅಂತ ನಾವು ಹೇಳುವುದಿಲ್ಲ. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ನಿಲ್ಲದೆ ಓದಿ, ಅದರ ಸಾರ ನಾಲ್ಕು ಮಾತಲ್ಲಿ ಹೇಳಬಲ್ಲ ಮಗುವಿಗೆ ಅಭ್ಯಾಸ ಪರೀಕ್ಷೆಗಳು ಉಪಕಾರವೇ. ಆದರೆ ಮೊದಲು ಖರ್ಚಿಲ್ಲದ ದಾರಿ ನೋಡಿ. ಅರ್ಜಿ ಹಾಕಿದವರಿಗೆ ಒಕ್ಕೂಟವೇ ಮಾದರಿ ಪ್ರಶ್ನೆಪತ್ರಿಕೆ ಕೊಡುತ್ತದೆ. ಹಳೆಯ ಪತ್ರಿಕೆಗಳೂ ಸಿಗುತ್ತವೆ.

ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು, ಪ್ರೊ. ಶಮ್ನಾದ್ ಬಷೀರ್. ಕೇರಳದ ಕೊಲ್ಲಂನವರು, ಬೆಂಗಳೂರಿನ ಲಾ ಸ್ಕೂಲಿನಲ್ಲೇ ಓದಿ ಆಕ್ಸ್‌ಫರ್ಡ್‌ಗೆ ಹೋಗಿ ಬಂದವರು. ಈ ದೊಡ್ಡ ಲಾ ಕಾಲೇಜುಗಳು ಪೇಟೆಯ ಇಂಗ್ಲಿಷ್ ಮಾಧ್ಯಮದ ಮಕ್ಕಳಿಂದಲೇ ತುಂಬುತ್ತಿವೆ, ಹಳ್ಳಿಯ ಬಡ ಮಕ್ಕಳು ಒಳಗೆ ಬರುತ್ತಿಲ್ಲ ಎಂಬುದನ್ನು ಕಂಡು 2010ರಲ್ಲಿ 'ಇಡಿಯಾ' ಎಂಬ ಸಂಸ್ಥೆ ಕಟ್ಟಿದರು. ಬಡ ಮನೆಗಳ ಮಕ್ಕಳನ್ನು ಆರಿಸಿ ಉಚಿತವಾಗಿ ಕ್ಲ್ಯಾಟಿಗೆ ತಯಾರು ಮಾಡುವುದು, ಸೀಟು ಸಿಕ್ಕಿದರೆ ಓದಿನುದ್ದಕ್ಕೂ ಜೊತೆಗಿರುವುದು ಅದರ ಕೆಲಸ. ಕ್ಲ್ಯಾಟ್ ನಡೆಸುವ ರೀತಿಯಲ್ಲಿದ್ದ ಲೋಪಗಳ ವಿರುದ್ಧ 2015ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರೂ ಅವರೇ. 2019ರ ಆಗಸ್ಟಿನಲ್ಲಿ, ನಲವತ್ತಮೂರರ ಹರೆಯದಲ್ಲಿ, ನಮ್ಮ ಚಿಕ್ಕಮಗಳೂರಿನ ಬೆಟ್ಟದ ಕಡೆ ತೀರಿಕೊಂಡರು. ಅವರು ಕಟ್ಟಿದ ಸಂಸ್ಥೆ ಉಳಿದಿದೆ. ನಿಜಕ್ಕೂ ಚುರುಕಾದ, ಕೈಯಲ್ಲಿ ಕಾಸಿಲ್ಲದ ಮಗು ನಿಮ್ಮ ಜಮಾಅತಿನಲ್ಲಿದ್ದರೆ, ಪ್ರಥಮ ಪಿಯುಸಿಯಲ್ಲೇ ಅವರನ್ನು ಸಂಪರ್ಕಿಸಿ.

ಇನ್ನೊಂದು ಬಾಗಿಲು

ನಮ್ಮ ಹೆಚ್ಚಿನ ಮನೆಗಳಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ವಕೀಲರಾಗಲು ಕ್ಲ್ಯಾಟ್ ಬರೆಯಲೇಬೇಕು ಅಂತಿಲ್ಲ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಿಂದ ಇದೆ. ನಮ್ಮ ರಾಜ್ಯದ ಲಾ ಕಾಲೇಜುಗಳು ಅದರ ಕೆಳಗೆ ಬರುತ್ತವೆ. ಪಿಯುಸಿ ಆದವರಿಗೆ ಐದು ವರ್ಷದ ಕೋರ್ಸು, ಡಿಗ್ರಿ ಆದವರಿಗೆ ಮೂರು ವರ್ಷದ ಎಲ್‌ಎಲ್‌ಬಿ. ಅಂಕಪಟ್ಟಿ ಹಿಡಿದುಕೊಂಡು ಹೋಗಿ ಅರ್ಜಿ ಹಾಕಬಹುದು. ಶಿರಸಿಯಲ್ಲಿ ಎಂ.ಇ.ಎಸ್. ಕಾನೂನು ಕಾಲೇಜು ಉಂಟು. ಹುಬ್ಬಳ್ಳಿ, ಧಾರವಾಡದಲ್ಲಿ ಹಲವು ಉಂಟು. ಕರಾವಳಿಯ ಸಂಬಂಧಿಕರ ಮನೆಯಲ್ಲಿ ಇರಬಹುದಾದರೆ ಮಂಗಳೂರು, ಉಡುಪಿ, ಪುತ್ತೂರು, ಸುಳ್ಯದಲ್ಲೂ ಉಂಟು. ಖರ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಒಂದು ಪಾಲು ಮಾತ್ರ. ಪರೀಕ್ಷೆಯ ಉತ್ತರ ಕನ್ನಡದಲ್ಲೂ ಬರೆಯಬಹುದು. ಸೇರುವಾಗ ಕಾಲೇಜಿಗೆ ಬಾರ್ ಕೌನ್ಸಿಲಿನ ಮಾನ್ಯತೆ ಇದೆಯೇ ಅಂತ ಮಾತ್ರ ಕೇಳಿ ನೋಡಿ.

ಈ ಬಾಗಿಲು ಎರಡನೇ ದರ್ಜೆಯದು ಅಂತ ಯಾರೂ ತಿಳಿಯುವುದು ಬೇಡ. ಮೂಡುಬಿದಿರೆ ಹತ್ತಿರದ ಬೆಳುವಾಯಿಯಲ್ಲಿ ಹುಟ್ಟಿದ ನ್ಯಾಯಮೂರ್ತಿ ಎಸ್. ಅಬ್ದುಲ್ ನಝೀರ್ ಅವರು ಮೂಡುಬಿದಿರೆಯ ಮಹಾವೀರ ಕಾಲೇಜಿನಲ್ಲಿ ಬಿ.ಕಾಂ. ಮಾಡಿ, ಮಂಗಳೂರಿನ ಎಸ್‌ಡಿಎಂ ಲಾ ಕಾಲೇಜಿನಲ್ಲಿ ಕಾನೂನು ಓದಿದವರು. 1983ರಲ್ಲಿ ವಕೀಲರಾಗಿ ನೋಂದಣಿ, ಇಪ್ಪತ್ತು ವರ್ಷ ವಕೀಲಿಕೆ, 2003ರಲ್ಲಿ ಕರ್ನಾಟಕ ಹೈಕೋರ್ಟ್ ನ್ಯಾಯಮೂರ್ತಿ, 2017ರಲ್ಲಿ ಸುಪ್ರೀಂ ಕೋರ್ಟ್. 2023ರಿಂದ ಆಂಧ್ರಪ್ರದೇಶದ ರಾಜ್ಯಪಾಲರು. ಅವರು ಓದುವ ಕಾಲಕ್ಕೆ ಕ್ಲ್ಯಾಟ್ ಇರಲೇ ಇಲ್ಲ, ನಿಜ. ಆದರೆ ಅವರು ಓದಿದಂಥ ಊರ ಕಾಲೇಜಿನ ಬಾಗಿಲು ಈಗಲೂ ತೆರೆದೇ ಇದೆ.

ಎರಡು ಬಾಗಿಲಿನ ವ್ಯತ್ಯಾಸವನ್ನೂ ನೇರವಾಗಿ ಹೇಳಬೇಕು. ದೊಡ್ಡ ಕಂಪನಿಗಳ ಕೆಲಸ ನೋಡಿಕೊಳ್ಳುವ ಮುಂಬೈ, ದಿಲ್ಲಿ, ಬೆಂಗಳೂರಿನ ಕಾನೂನು ಸಂಸ್ಥೆಗಳು ಕ್ಯಾಂಪಸ್ಸಿಗೇ ಬಂದು ವರ್ಷಕ್ಕೆ ಹದಿನೈದು ಲಕ್ಷದಂಥ ಸಂಬಳ ಕೊಟ್ಟು ಕರೆದುಕೊಂಡು ಹೋಗುವುದು ಮೇಲಿನ ಕೆಲವು ರಾಷ್ಟ್ರೀಯ ವಿಶ್ವವಿದ್ಯಾಲಯಗಳ ಮಕ್ಕಳನ್ನು. ಅಂಥ ಕೆಲಸವೇ ಗುರಿಯಾದರೆ ಕ್ಲ್ಯಾಟಿಗೆ ಕಷ್ಟಪಡಬೇಕು. ಕೋರ್ಟಿನಲ್ಲಿ ನಿಲ್ಲುವ ವಕೀಲ, ಸರ್ಕಾರಿ ಅಭಿಯೋಜಕ, ಸಿವಿಲ್ ನ್ಯಾಯಾಧೀಶ ಆಗುವ ಗುರಿಯಾದರೆ ಎರಡೂ ಬಾಗಿಲಿನಿಂದ ಒಳಗೆ ಬಂದವರು ಒಂದೇ ಕಟ್ಟೆಯಲ್ಲಿ ಕೂರುತ್ತಾರೆ. ಡಿಗ್ರಿ ಮುಗಿಸಿದ ಮೇಲೆ ಆಸೆ ಹುಟ್ಟಿದವರಿಗೂ ದಾರಿ ಇದೆ. ಬೆಂಗಳೂರಿನ ಲಾ ಸ್ಕೂಲಿನಲ್ಲೇ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿ ನಡೆಯುತ್ತಿದೆ, ಅದಕ್ಕೆ ಅವರದೇ ಬೇರೆ ಪ್ರವೇಶ ಪರೀಕ್ಷೆ.

ಓದು ಮುಗಿದ ಮೇಲಿನ ಮೂರು ವರ್ಷ

ನಮ್ಮ ಮುಖ್ಯ ಮಾತು ಇರುವುದು ಇಲ್ಲಿ. ನಮ್ಮ ಮಕ್ಕಳು ಲಾ ಓದಲು ಹೋಗುವಾಗ ಸೋಲುವುದಕ್ಕಿಂತ, ಓದಿ ಬಂದ ಮೇಲೆ ಸೋಲುವುದೇ ಹೆಚ್ಚು. ಕರಿಕೋಟು ಹಾಕಿ ಕೋರ್ಟಿಗೆ ಹೋದ ಮೊದಲ ಎರಡು ಮೂರು ವರ್ಷ ಕೈಗೆ ಏನೂ ಬರುವುದಿಲ್ಲ. ಸೀನಿಯರ್ ವಕೀಲರ ಫೈಲು ಹೊತ್ತುಕೊಂಡು, ತಾರೀಕು ಬರೆದುಕೊಂಡು, ಕೆಲಸ ಕಲಿಯುವ ಕಾಲ ಅದು. ಕಿರಿಯ ವಕೀಲರಿಗೆ ತಿಂಗಳಿಗೆ ಪೇಟೆಯಲ್ಲಿ 20,000, ಹಳ್ಳಿಗಾಡಿನಲ್ಲಿ 15,000 ರೂಪಾಯಿ ಕೊಡಬೇಕು ಅಂತ ಭಾರತೀಯ ಬಾರ್ ಕೌನ್ಸಿಲ್ 2024ರ ಅಕ್ಟೋಬರಿನಲ್ಲಿ ಹೇಳಿದೆ. ಆದರೆ ಅದು ಶಿಫಾರಸು ಮಾತ್ರ. ತಾಲ್ಲೂಕು ಕೋರ್ಟಿನ ಸೀನಿಯರ್ ವಕೀಲರಲ್ಲಿ ಎಷ್ಟು ಮಂದಿಗೆ ಅಷ್ಟು ಕೊಡುವ ಶಕ್ತಿ ಇದ್ದೀತು? ಅಷ್ಟರಲ್ಲಿ ಮನೆಯಲ್ಲಿ, ಇಷ್ಟು ಓದಿಸಿದರೂ ಒಂದು ರೂಪಾಯಿ ತರುವುದಿಲ್ಲ ಅಂತ ಮಾತು ಶುರು. ಹುಡುಗ ಗಲ್ಫಿನ ವೀಸಾ ನೋಡ್ತಾನೆ. ಹುಡುಗಿಗೆ ಮದುವೆ, ಅಲ್ಲಿಗೆ ಕೋಟು ಗೂಟಕ್ಕೆ.

ಹಾಗಾಗಿ ನಮ್ಮ ಸಲಹೆ ಇಷ್ಟೇ. ಕೋಚಿಂಗಿಗೆ ಅಂತ ಕೂಡಿಟ್ಟ ಹಣವನ್ನು ಈ ಮೂರು ವರ್ಷಕ್ಕೆ ಎತ್ತಿಡಿ. ಮೇಲೆ ಹೇಳಿದ ಮನೆಯ 1 ಲಕ್ಷ 20 ಸಾವಿರವನ್ನೇ ಲೆಕ್ಕ ಹಾಕಿ. ತಿಂಗಳಿಗೆ 4,000ದಂತೆ ಎರಡೂವರೆ ವರ್ಷ ಬಸ್ಸು, ಊಟ, ಪುಸ್ತಕಕ್ಕೆ ಬರ್ತದೆ. ಆರು ತಿಂಗಳ ಕ್ಲಾಸಿನಲ್ಲಿ ಕರಗಿಹೋಗುವ ಹಣ ಒಬ್ಬ ವಕೀಲನನ್ನು ನೆಲೆ ನಿಲ್ಲಿಸುತ್ತದೆ.

ಸರ್ಕಾರದ ಕಡೆಯಿಂದ ಸಿಗುವುದನ್ನೂ ಬಿಡಬೇಡಿ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಶಿಕ್ಷಣ ಸಾಲಕ್ಕೆ ಶೇ. 2ರ ಸೇವಾ ಶುಲ್ಕ ಮಾತ್ರ, ಎಲ್‌ಎಲ್‌ಬಿ ಓದೂ ಅದರಲ್ಲಿ ಸೇರಿದೆ. ಅಲ್ಪಸಂಖ್ಯಾತ ಕಾನೂನು ಪದವೀಧರರಿಗೆ ವಕೀಲಿಕೆ ತರಬೇತಿಯ ಅವಧಿಯಲ್ಲಿ ತಿಂಗಳ ಶಿಷ್ಯವೇತನ ಕೊಡುವ ಯೋಜನೆ ಅಲ್ಪಸಂಖ್ಯಾತರ ನಿರ್ದೇಶನಾಲಯದಲ್ಲಿದೆ. ಈ ಎರಡಕ್ಕೂ ಕಾರವಾರದ ಜಿಲ್ಲಾ ಕಚೇರಿಯಲ್ಲಿ ಈ ವರ್ಷದ ಮೊತ್ತ, ಕೊನೆಯ ದಿನ ವಿಚಾರಿಸಬೇಕು.

ವಕೀಲರಾಗಿ ನೋಂದಣಿ ಮಾಡಿಸಲು ಮೊದಲು ಸಾವಿರಾರು ರೂಪಾಯಿ ಬೇಕಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, ಕಾಯ್ದೆಯಲ್ಲಿರುವ 750 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ರಾಜ್ಯ ಬಾರ್ ಕೌನ್ಸಿಲುಗಳು ಕೇಳುವಂತಿಲ್ಲ ಅಂದಿದೆ. ಪರಿಶಿಷ್ಟರಿಗೆ 125. ಅಖಿಲ ಭಾರತ ಬಾರ್ ಪರೀಕ್ಷೆಯೂ ಪಾಸಾಗಬೇಕು. ಟಿಪ್ಪಣಿ ಇಲ್ಲದ ಕಾಯ್ದೆ ಪುಸ್ತಕ ಒಳಗೆ ಕೊಂಡೊಯ್ಯಬಹುದು, ಕನ್ನಡದಲ್ಲೂ ಬರೆಯಬಹುದು.

ನ್ಯಾಯಾಧೀಶರಾಗುವ ಕನಸಿದ್ದರೆ ಈ ಮೂರು ವರ್ಷ ಇನ್ನೂ ಮುಖ್ಯ. 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕು. ಓದಿದ ಕೂಡಲೇ ಪರೀಕ್ಷೆ ಬರೆದು ಜಡ್ಜ್ ಆಗುವ ಕಾಲ ಹೋಯಿತು. ಈ ಹುದ್ದೆಯ ಆರಂಭದ ಮೂಲ ವೇತನ 77,840 ರೂಪಾಯಿ. ನಮ್ಮ ಹೈಕೋರ್ಟ್ ನಡೆಸುವ ಆ ಪರೀಕ್ಷೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದದ ಪತ್ರಿಕೆಯೂ ಉಂಟು. ಕ್ಲ್ಯಾಟಿನಲ್ಲಿ ಹಿಂದೆ ಬಿದ್ದ ಕನ್ನಡ ಮಾಧ್ಯಮದ ಮಗುವಿಗೆ ಇಲ್ಲಿ ಅದೇ ಕನ್ನಡ ಬಲವಾಗ್ತದೆ.

ಇನ್ನೊಂದು ಮಾತು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಮತ್ತು ಅದರ ಜೊತೆಯ ಎರಡು ಕಾನೂನುಗಳು ಬಂದಿವೆ. ಮೂವತ್ತು ವರ್ಷದ ಅನುಭವಿಗಳೂ ಸೆಕ್ಷನ್ನುಗಳನ್ನು ಮತ್ತೆ ಬಾಯಿಪಾಠ ಮಾಡುತ್ತಿದ್ದಾರೆ. ಈಗ ಒಳಗೆ ಬರುವ ಮಕ್ಕಳಿಗೆ ಇದು ಒಳ್ಳೆಯ ಹೊತ್ತು.

ನಮ್ಮೂರಿಗೆ ವಕೀಲರು ಯಾಕೆ ಬೇಕು?

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಾಡಿನ ತಾಲ್ಲೂಕುಗಳು. ಇಲ್ಲಿ ಮನೆ ಅಂದರೆ ಅರಣ್ಯ ಜಾಗದ ಪ್ರಶ್ನೆ ಅದರ ಹಿಂದೆಯೇ ಬರ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ, ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ ಇಲ್ಲಿ ಇದ್ದುದನ್ನು ತೋರಿಸಬೇಕು. ಕರಾವಳಿಯಿಂದ ಘಟ್ಟ ಹತ್ತಿ ಬಂದ ನಮ್ಮವರಿಗೆ ಇದು ಸುಲಭವಲ್ಲ. ಬಹಳ ಕಾಲದಿಂದ ಇಲ್ಲಿಯೇ ಇರುವವರಿಗೂ ಕಾಗದ ಇಲ್ಲ. ಆದರೆ ಹಿರಿಯರ ಹೇಳಿಕೆಯೂ ಸಾಕ್ಷ್ಯ ಅಂತ ನಿಯಮ ಹೇಳುತ್ತದೆ. ಗ್ರಾಮಸಭೆಯ ತೀರ್ಮಾನ ಸರಿಯಿಲ್ಲ ಅನಿಸಿದರೆ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗಬಹುದು. ಪ್ರತಿ ಹಂತಕ್ಕೂ 60 ದಿನ ಮಾತ್ರ. ಅರ್ಜಿ ತಿರಸ್ಕೃತ ಎಂಬ ಕಾಗದವನ್ನು ಟ್ರಂಕಿನಲ್ಲಿಟ್ಟು ಆ 60 ದಿನ ಕಳೆದುಕೊಂಡ ಮನೆಗಳು ಎಷ್ಟಿಲ್ಲ! ಆ ಕಾಗದ ಓದಿ, ಮರುದಿನವೇ ಮೇಲ್ಮನವಿ ಬರೆಯುವ ಮಗು ಊರಲ್ಲೇ ಇದ್ದರೆ ಎಷ್ಟು ಮನೆ ಉಳಿದೀತು, ಯೋಚಿಸಿ.

ಆಸ್ತಿ ಪಾಲಿನ ವಿಷಯವೂ ಹಾಗೇ. ಹೆಣ್ಣುಮಕ್ಕಳಿಗೆ ಇಷ್ಟು, ತಾಯಿಗೆ ಇಷ್ಟು ಅಂತ ಮದರಸದಲ್ಲಿ ನಾವು ಕಲಿಸುತ್ತೇವೆ. ತಂದೆ ತೀರಿಕೊಂಡ ಮೇಲೆ ವಾರಸಾ ಮಾಡಿಸುವಾಗ, ಪಹಣಿಯಲ್ಲಿ ಹೆಸರು ಸೇರಿಸುವಾಗ ತಂಗಿಯರಿಂದ ಹಕ್ಕುಬಿಡುಗಡೆಗೆ ಸಹಿ ಹಾಕಿಸಿಕೊಂಡರೆ ಆ ಪಾಠ ಪುಸ್ತಕದಲ್ಲೇ ಉಳಿಯಿತು. ಪಾಲಿನ ಲೆಕ್ಕವೂ ಗೊತ್ತಿದ್ದು, ತಹಶೀಲ್ದಾರ್ ಕಚೇರಿಯ ಕಾಗದವೂ ಗೊತ್ತಿರುವವರು ನಮ್ಮಲ್ಲಿ ಬೇಕು. ವಕ್ಫ್ ಜಾಗದ ಹಳೆಯ ದಾಖಲೆ ಹುಡುಕುವುದಕ್ಕೂ ಬೇಕು.

ಹೆಣ್ಣುಮಕ್ಕಳಿಗೆ ಕೋರ್ಟು ಯಾಕೆ ಅಂತ ಕೇಳುವ ಉಪ್ಪಂದಿರಿಗೆ ನಾವು ಕೇಳುವುದು ಇಷ್ಟು: ಜೀವನಾಂಶಕ್ಕೋ, ಮನೆಯೊಳಗಿನ ಹಿಂಸೆಗೋ ನಿಮ್ಮದೇ ಮಗಳು ಒಂದು ದಿನ ವಕೀಲರ ಎದುರು ಕೂತು ಎಲ್ಲ ಬಿಚ್ಚಿ ಹೇಳಬೇಕಾಗಿ ಬಂದರೆ, ಆ ಕುರ್ಚಿಯಲ್ಲಿ ಒಬ್ಬಳು ಹೆಣ್ಣುಮಗಳಿದ್ದರೆ ಒಳ್ಳೆಯದಲ್ಲವೆ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತದೆ. ಹೈಕೋರ್ಟಿಗೂ ಈಗ ಬೆಂಗಳೂರಿಗೆ ಓಡಬೇಕಿಲ್ಲ. ನಮ್ಮ ಜಿಲ್ಲೆ 2013ರಿಂದ ಕಾಯಂ ಆಗಿರುವ ಧಾರವಾಡ ಪೀಠಕ್ಕೆ ಸೇರಿದೆ. ಕಿರವತ್ತಿಯಿಂದ ಬೆಳಗ್ಗೆ ಹೊರಟರೆ ಸಂಜೆಗೆ ವಾಪಸು.

ಮನೆಯಲ್ಲಿ, ಜಮಾಅತಿನಲ್ಲಿ

ಮಾಡಬೇಕಾದ್ದನ್ನು ಚುಟುಕಾಗಿ ಹೇಳುತ್ತೇವೆ. ಮಗು ಎಂಟನೇ ಕ್ಲಾಸಿನಲ್ಲಿರುವಾಗಲೇ ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಪತ್ರಿಕೆ, ಅರ್ಧ ಗಂಟೆ ಕನ್ನಡ ಪತ್ರಿಕೆ ಗಟ್ಟಿಯಾಗಿ ಓದಿಸಿ. ಅರ್ಥವಾಗದ ಪದ ಬರೆದಿಡಲಿ. ಮದರಸದ ಒಂದು ಮೂಲೆಯಲ್ಲಿ ಪತ್ರಿಕೆ ಹಾಕಿಸಲು ತಿಂಗಳಿಗೆ ಆಗುವ ಖರ್ಚು ಒಂದು ಮೌಲಿದ್ ಊಟದ ಪಾಯಸದಷ್ಟೂ ಅಲ್ಲ. ಪ್ರಥಮ ಪಿಯುಸಿ ರಜೆಯಲ್ಲಿ ಒಂದು ಹಳೆಯ ಕ್ಲ್ಯಾಟ್ ಪತ್ರಿಕೆ ಮನೆಯಲ್ಲೇ ಬರೆಸಿ ನೋಡಿ. ಮುಕ್ಕಾಲು ಪಾಲು ಪ್ರಶ್ನೆ ಸಮಯಕ್ಕೆ ಮುಗಿಸಿದರೆ ಕ್ಲ್ಯಾಟಿನ ಬಾಗಿಲಿಗೆ ತಯಾರು ಮಾಡಿ, ಮಳೆಗಾಲದಲ್ಲಿ ಅರ್ಜಿ ಹಾಕಿ. ಆಗದಿದ್ದರೆ ಮಗುವನ್ನು ಬಯ್ಯಬೇಡಿ, ಶಿರಸಿ ಹುಬ್ಬಳ್ಳಿಯ ಬಾಗಿಲು ತೋರಿಸಿ. ಸೇರುವ ಮೊದಲು ಯಲ್ಲಾಪುರ ಕೋರ್ಟಿಗೆ ಒಂದು ದಿನ ಕರೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂರಿಸಿ. ಸಿನಿಮಾದ ಕೋರ್ಟು ಬೇರೆ, ನಿಜವಾದ ಕೋರ್ಟು ಬೇರೆ ಅಂತ ಅವತ್ತೇ ಗೊತ್ತಾಗಲಿ.

ಜಮಾಅತಿನವರಿಗೆ ಒಂದು ಕೋರಿಕೆ. ವಿದ್ಯಾರ್ಥಿವೇತನ ಅಂದರೆ ಕಾಲೇಜು ಶುಲ್ಕ ಮಾತ್ರ ಅಂತ ಅಂದುಕೊಳ್ಳಬೇಡಿ. ಊರಿನ ಒಬ್ಬ ಕಿರಿಯ ವಕೀಲನಿಗೋ ವಕೀಲೆಗೋ ಮೂರು ವರ್ಷ ತಿಂಗಳಿಗೆ ಇಷ್ಟು ಅಂತ ನಿಂತುಕೊಡಿ. ಬದಲಿಗೆ ವಾರಕ್ಕೊಂದು ದಿನ ಊರಿನವರ ಕಾಗದ ಪತ್ರ, ಅರಣ್ಯ ಅರ್ಜಿ, ವಾರಸಾ ನೋಡಿಕೊಡಲಿ. ಮುಸ್ಲಿಮರದ್ದು ಮಾತ್ರ ಅಲ್ಲ, ಪಕ್ಕದ ಸಿದ್ದಿ, ಗೌಳಿ ಮನೆಗಳದ್ದೂ ನೋಡಲಿ. ಕಾಡಿನ ಜಾಗದ ಕಷ್ಟ ನಮಗೆ ಅವರಿಗೆ ಒಂದೇ. ಮೂರು ವರ್ಷ ಕಳೆಯುವಾಗ ಆ ಮಗುವಿಗೆ ಕಕ್ಷಿದಾರರೂ ಇರುತ್ತಾರೆ, ಊರಿಗೊಬ್ಬ ವಕೀಲರೂ ಇರುತ್ತಾರೆ.